ರೇಡಿಯೋ ಆವರ್ತನ ಪ್ಲಾಸ್ಮಾ ಮತ್ತು ಅದರ ಕಾರ್ಯವಿಧಾನಗಳು: ಅರ್ಜಿದಾರರ ಅವಗಾಹನೆಗಾಗಿ

ಸಿಲಿಕಾನ್ ಬಿಲ್ಲೆಗಳ ಮೇಲೆ ಸೂಕ್ಷ್ಮ ರಚನೆಗಳನ್ನು ಕೊರೆಯುವ ಪ್ಲಾಸ್ಮಾ ಉಪಕರಣಗಳ ಸೇವೆಯನ್ನು ಕೋರಿ ಅರ್ಜಿ ಸಲ್ಲಿಸುವ ವಿದ್ಯಾರ್ಥಿಗಳು, ಸಂಶೋಧಕರು ಹಾಗೂ ಸಣ್ಣ ಉದ್ದಿಮೆದಾರರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಅರ್ಜಿಯಲ್ಲಿ ಕೇವಲ ಶಕ್ತಿಯನ್ನು ವ್ಯಾಟ್‌ಗಳಲ್ಲಿ ನಮೂದಿಸಿದರೆ ಸಾಲದು. ಒಂದೇ ಶಕ್ತಿಯಲ್ಲಿ ಪ್ಲಾಸ್ಮಾ ಎರಡು ಬೇರೆ ಬೇರೆ ಸ್ಥಿತಿಗಳಲ್ಲಿ ಉರಿಯಬಲ್ಲದು. ಒಂದು ಸ್ಥಿತಿಯಲ್ಲಿ ಸರಿಯಾಗಿ ಕೊರೆಯಲ್ಪಡುವ ಬಿಲ್ಲೆಯು ಮತ್ತೊಂದರಲ್ಲಿ ನಿರುಪಯುಕ್ತವಾಗಬಹುದು.

ಈ ಉಪಕರಣಗಳಲ್ಲಿ ಬಹುಪಾಲು 13.56 ಮೆಗಾಹರ್ಟ್ಸ್ ಆವರ್ತನದಲ್ಲಿ ಕೆಲಸ ಮಾಡುತ್ತವೆ. ಭೌತಿಕವಾಗಿ ಈ ಸಂಖ್ಯೆಗೆ ವಿಶೇಷ ಮಹತ್ವವೇನೂ ಇಲ್ಲ. ಅಂತಾರಾಷ್ಟ್ರೀಯ ದೂರಸಂಪರ್ಕ ನಿಯಮಗಳು ಇದನ್ನು ಕೈಗಾರಿಕೆ, ವಿಜ್ಞಾನ ಮತ್ತು ವೈದ್ಯಕೀಯ ಬಳಕೆಗೆ ಗೊತ್ತುಪಡಿಸಿವೆ. ಇಷ್ಟು ವೇಗವಾಗಿ ದಿಕ್ಕು ಬದಲಿಸುವ ವಿದ್ಯುತ್ ಕ್ಷೇತ್ರವನ್ನು ಹಗುರವಾದ ಎಲೆಕ್ಟ್ರಾನುಗಳು ಅನುಸರಿಸುತ್ತವೆ, ಭಾರವಾದ ಅಯಾನುಗಳು ಅನುಸರಿಸಲಾರವು.

ಆಮ್ಲಜನಕ, ಕ್ಲೋರಿನ್, ಕಾರ್ಬನ್ ಟೆಟ್ರಾಫ್ಲೋರೈಡ್, ಸಲ್ಫರ್ ಹೆಕ್ಸಾಫ್ಲೋರೈಡ್ ಮುಂತಾದವು ವಿದ್ಯುದೃಣ ಅನಿಲಗಳು, ಅಂದರೆ ಮುಕ್ತ ಎಲೆಕ್ಟ್ರಾನುಗಳನ್ನು ಸೆಳೆದು ಹಿಡಿದಿಟ್ಟುಕೊಳ್ಳುವ ಅನಿಲಗಳು. ಹೀಗೆ ಉಂಟಾಗುವ ಫ್ಲೋರಿನ್ ಋಣ ಅಯಾನು ಎಲೆಕ್ಟ್ರಾನಿಗಿಂತ ಸುಮಾರು 35,000 ಪಟ್ಟು ಭಾರವಾದುದು. ಆದುದರಿಂದ ವಿದ್ಯುತ್ತನ್ನು ಸಾಗಿಸಬೇಕಾದ ಕಣಗಳೇ ಕಡಿಮೆಯಾಗುತ್ತವೆ. ಆರ್ಗಾನ್ ಅನಿಲದಲ್ಲಿ ಸಿದ್ಧಪಡಿಸಿದ ಕ್ರಮವನ್ನು ಇವುಗಳಿಗೆ ಹಾಗೆಯೇ ಅನ್ವಯಿಸುವುದು ಸೂಕ್ತವಲ್ಲ.

ಎರಡು ಫಲಕಗಳ ನಡುವೆ ಪ್ಲಾಸ್ಮಾ ಉಂಟುಮಾಡುವ ಉಪಕರಣದಲ್ಲಿ ಪ್ರತಿ ಫಲಕದ ಮುಂದೆಯೂ ಎಲೆಕ್ಟ್ರಾನುಗಳು ವಿರಳವಾದ ತೆಳು ಪದರವೊಂದು ಏರ್ಪಡುತ್ತದೆ. ಆ ಪದರವು ಹಿಗ್ಗುವಾಗ ಎಲೆಕ್ಟ್ರಾನುಗಳು ತಳ್ಳಲ್ಪಟ್ಟು ಶಕ್ತಿ ಪಡೆಯುವುದು ‘ಆಲ್ಫಾ’ ವಿಧಾನ. ವೋಲ್ಟೇಜ್ ಹೆಚ್ಚಿದಾಗ ಅಯಾನುಗಳ ಹೊಡೆತದಿಂದ ಫಲಕದಿಂದಲೇ ಹೊರಬೀಳುವ ಎಲೆಕ್ಟ್ರಾನುಗಳು ಪ್ರಧಾನವಾಗುವುದು ‘ಗಾಮಾ’ ವಿಧಾನ. ವಿದ್ಯುದೃಣ ಅನಿಲಗಳಲ್ಲಿ ಮೂರನೆಯದೊಂದು ಉಂಟು. ಎಲೆಕ್ಟ್ರಾನುಗಳ ಕೊರತೆಯಿಂದ ಪ್ಲಾಸ್ಮಾದ ನಡುಭಾಗದಲ್ಲಿಯೂ ಪ್ರಬಲ ಕ್ಷೇತ್ರ ಬೇಕಾಗಿ, ಅಯಾನೀಕರಣವು ಅಲ್ಲಿಯೂ ನಡೆಯುತ್ತದೆ. ಕಾರ್ಬನ್ ಟೆಟ್ರಾಫ್ಲೋರೈಡ್‌ನಲ್ಲಿ ಇದನ್ನು 2011ರಲ್ಲಿ ವಿವರಿಸಲಾಯಿತು. ಒತ್ತಡವನ್ನು ಹೆಚ್ಚಿಸಿದರೆ ಅಥವಾ ವೋಲ್ಟೇಜನ್ನು ತಗ್ಗಿಸಿದರೆ ಆಲ್ಫಾದಿಂದ ಈ ವಿಧಾನಕ್ಕೆ ಬದಲಾವಣೆಯಾಗುತ್ತದೆ.

ಸುರುಳಿಯಿಂದ ಚಾಲಿತವಾದ ಉಪಕರಣಗಳ ವಿಷಯದಲ್ಲಿ ಹೆಚ್ಚಿನ ಎಚ್ಚರಿಕೆ ಅಗತ್ಯ. ಕಡಿಮೆ ಶಕ್ತಿಯಲ್ಲಿ ಸುರುಳಿಯ ವೋಲ್ಟೇಜಿನಿಂದ ಮಂದವಾಗಿ ಉರಿಯುವುದು ‘ಇ’ ವಿಧಾನ. ಒಂದು ಮಿತಿ ದಾಟಿದೊಡನೆ ಪ್ರೇರಿತ ಪ್ರವಾಹದಿಂದ ಥಟ್ಟನೆ ಪ್ರಕಾಶಮಾನವಾಗುವುದು ‘ಎಚ್’ ವಿಧಾನ. ಆಗ ಎಲೆಕ್ಟ್ರಾನ್ ಸಾಂದ್ರತೆ ಹತ್ತು ಪಟ್ಟು ಅಥವಾ ಅದಕ್ಕಿಂತ ಹೆಚ್ಚಬಹುದು. ಶಕ್ತಿಯನ್ನು ಮರಳಿ ಇಳಿಸುವಾಗ ಏರಿದ ಮಿತಿಯಲ್ಲಿಯೇ ಪ್ಲಾಸ್ಮಾ ಇಳಿಯುವುದಿಲ್ಲ, ಇನ್ನೂ ಕೆಳಗಿನ ಮಿತಿಯವರೆಗೆ ‘ಎಚ್’ನಲ್ಲಿಯೇ ಉಳಿಯಬಹುದು. ಆದ್ದರಿಂದ ಶಕ್ತಿಯನ್ನು ಏರಿಸುತ್ತಾ ತಲುಪಲಾಯಿತೇ ಅಥವಾ ಇಳಿಸುತ್ತಾ ತಲುಪಲಾಯಿತೇ ಎಂಬುದನ್ನು ಅರ್ಜಿಯಲ್ಲಿ ತಿಳಿಸತಕ್ಕದ್ದು.

ವಿದ್ಯುದೃಣ ಅನಿಲಗಳಲ್ಲಿ ಈ ಎರಡು ಸ್ಥಿತಿಗಳ ನಡುವೆ ಪ್ಲಾಸ್ಮಾ ನಿಲ್ಲದೆ ಓಲಾಡುವುದೂ ಉಂಟು. ಟುಶೆವ್ಸ್ಕಿ 1996ರಲ್ಲಿ ಇಂತಹ ಅಸ್ಥಿರತೆಯನ್ನು ವರದಿ ಮಾಡಿದರು; ಲೀಬರ್ಮನ್ ಮತ್ತು ಸಂಗಡಿಗರು 1999ರಲ್ಲಿ ಅದರ ಕುರಿತು ಸಿದ್ಧಾಂತ ಸಹಿತ ಅಧ್ಯಯನ ಪ್ರಕಟಿಸಿದರು. ಋಣ ಅಯಾನುಗಳ ಸಂಖ್ಯೆಯು ಎಲೆಕ್ಟ್ರಾನುಗಳಷ್ಟು ಶೀಘ್ರವಾಗಿ ಬದಲಾಗದಿರುವುದು ಇದಕ್ಕೆ ಮೂಲ. ಓಲಾಟವು ಸೆಕೆಂಡಿಗೆ ಸಾವಿರಾರು ಬಾರಿ ನಡೆಯಬಹುದಾದುದರಿಂದ ಕಣ್ಣಿಗೆ ಸ್ಥಿರವಾದ ಬೆಳಕೇ ಕಾಣುತ್ತದೆ, ಮೋಟಾರು ಚಾಲಿತ ಹೊಂದಾಣಿಕೆ ಜಾಲವೂ ಅದನ್ನು ಅನುಸರಿಸಲಾರದು. ಕೊರೆತದ ಆಳ ಪ್ರತಿ ಬಾರಿಯೂ ಬೇರೆಯಾಗುತ್ತಿದ್ದಲ್ಲಿ, ಅನಿಲದ ಶುದ್ಧತೆಯನ್ನು ಸಂಶಯಿಸುವ ಮೊದಲು ಬೆಳಕಿನ ತೀವ್ರತೆಯನ್ನು ವೇಗದ ದ್ಯುತಿಸಂವೇದಕದಿಂದ ಪರೀಕ್ಷಿಸುವುದು ಮೇಲು.

ಅನಿಲದ ಹೆಸರು, ಮಿಶ್ರಣದ ಪ್ರಮಾಣ, ಹರಿವು, ಒತ್ತಡ ಮತ್ತು ಪ್ರತಿಫಲಿತ ಶಕ್ತಿಯನ್ನು ಸಹ ನಮೂದಿಸತಕ್ಕದ್ದು. ಸಲ್ಫರ್ ಹೆಕ್ಸಾಫ್ಲೋರೈಡ್ 100 ವರ್ಷಗಳ ಅವಧಿಯಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ 23,000 ಪಟ್ಟಿಗೂ ಮಿಗಿಲಾಗಿ ಭೂಮಿಯನ್ನು ಬಿಸಿಮಾಡುವ ಅನಿಲ. ಪ್ಲಾಸ್ಮಾದಲ್ಲಿ ಒಡೆದಾಗ ಅದರ ಶೇಷವು ತೇವಾಂಶದೊಡನೆ ಸೇರಿ ವಿಷಕಾರಿ ಹೈಡ್ರೋಜನ್ ಫ್ಲೋರೈಡ್ ಆಗಬಲ್ಲದು. ಹೊರಹೋಗುವ ಅನಿಲವನ್ನು ಶುದ್ಧೀಕರಿಸುವ ವ್ಯವಸ್ಥೆಯ ವಿವರವನ್ನು ಅರ್ಜಿಯೊಂದಿಗೇ ಲಗತ್ತಿಸುವುದು.