ಮೈಸೂರು ಸಂಸ್ಥಾನದಿಂದ ಹೊರಟ ನಗರ ಯೋಜಕ

ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಆವರಣ ತಲೆಯೆತ್ತಿದ್ದು ಒಂದರ್ಥದಲ್ಲಿ ಹೊಸ ಊರೊಂದನ್ನು ಕಟ್ಟಿದಂತೆಯೇ ಆಗಿತ್ತು. ಆರು ನೂರು ಎಕರೆಗೂ ಮಿಕ್ಕ ಬಯಲಿನಲ್ಲಿ ತರಗತಿ, ವಸತಿನಿಲಯ, ರಸ್ತೆ, ನೀರು, ಚರಂಡಿಗಳೆಲ್ಲವನ್ನೂ ಮೊದಲಿನಿಂದ ಯೋಚಿಸಬೇಕಿತ್ತು, ಅದೂ ಬೇಸಿಗೆಯ ತಾಪಮಾನ 42 ಡಿಗ್ರಿ ಸೆಲ್ಸಿಯಸ್ ದಾಟುವ ಸೀಮೆಯಲ್ಲಿ. ಇಂಥ ಬಿಸಿಲಿನ ನಾಡುಗಳಲ್ಲಿ ಊರು ಮತ್ತು ಮನೆಗಳನ್ನು ಹೇಗೆ ರೂಪಿಸಬೇಕೆಂಬ ವಿಚಾರಕ್ಕೆ ಇಪ್ಪತ್ತನೆಯ ಶತಮಾನದಲ್ಲಿ ಶಾಸ್ತ್ರದ ರೂಪ ಕೊಟ್ಟವರಲ್ಲಿ ಮುಖ್ಯರಾದ ಒಟ್ಟೊ ಕೋನಿಗ್ಸ್‌ಬರ್ಗರ್ ತಮ್ಮ ಸ್ವತಂತ್ರ ವೃತ್ತಿಜೀವನವನ್ನು ಕಟ್ಟಿಕೊಂಡದ್ದು ಮೈಸೂರು ಸಂಸ್ಥಾನದ ಸರ್ಕಾರಿ ವಾಸ್ತುಶಿಲ್ಪಿಯಾಗಿ ಎಂಬ ಸಂಗತಿ ಕನ್ನಡಿಗರಲ್ಲಿ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

1908ರಲ್ಲಿ ಬರ್ಲಿನ್ ನಗರದಲ್ಲಿ ಹುಟ್ಟಿದ ಕೋನಿಗ್ಸ್‌ಬರ್ಗರ್ ಅಲ್ಲಿಯ ತಾಂತ್ರಿಕ ವಿದ್ಯಾಲಯದಲ್ಲಿ ಹಾನ್ಸ್ ಪೋಲ್ಜಿಗ್ ಮೊದಲಾದವರ ಬಳಿ ಕಲಿತು, 1933ರಲ್ಲಿ ಪ್ರತಿಷ್ಠಿತ ಶಿಂಕೆಲ್ ಪ್ರಶಸ್ತಿಯನ್ನು ಪಡೆದರಾದರೂ, ಅದೇ ವರ್ಷ ಅಧಿಕಾರಕ್ಕೇರಿದ ನಾಜಿ ಸರ್ಕಾರ ಯಹೂದಿ ಮೂಲದವರನ್ನು ಸರ್ಕಾರಿ ಹುದ್ದೆಗಳಿಂದ ಹೊರಹಾಕಿದ್ದರಿಂದ ದೇಶ ಬಿಡಬೇಕಾಯಿತು. ಕೆಲವು ವರ್ಷ ಈಜಿಪ್ಟಿನಲ್ಲಿ ಪುರಾತನ ಕಟ್ಟಡಗಳ ಅಧ್ಯಯನದಲ್ಲಿ ತೊಡಗಿದ್ದ ಅವರು 1939ರಲ್ಲಿ ಬೆಂಗಳೂರಿಗೆ ಬಂದರು. ಅವರ ಸೋದರಮಾವ, ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಸರ್ ಸಿ. ವಿ. ರಾಮನ್ ಅವರ ಆಹ್ವಾನದ ಮೇರೆಗೆ 1935–36ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಕಾಲ ಇದ್ದುದರಿಂದ ಈ ಊರು ಆ ಕುಟುಂಬಕ್ಕೆ ಅಪರಿಚಿತವಾಗಿರಲಿಲ್ಲ.

ಆಗಿನ ದಿವಾನ ಸರ್ ಮಿರ್ಜಾ ಇಸ್ಮಾಯಿಲ್ ಅವರಿಗೆ ನಗರಗಳ ಅಂದಚಂದದ ಬಗ್ಗೆ ಅಪಾರ ಆಸಕ್ತಿ. ಆದರೆ ಅವರ ಒಲವು ಗುಮ್ಮಟ, ಕಮಾನು, ಅಲಂಕಾರಗಳ ಕಡೆಗೆ, ಹೊಸಗಾಲದ ಸರಳ ಶೈಲಿಯಲ್ಲಿ ಪಳಗಿದ ಈ ಯುವಕನ ಒಲವು ಬಿಸಿಲು, ಗಾಳಿ, ಖರ್ಚುಗಳ ಲೆಕ್ಕದ ಕಡೆಗೆ. ಇಬ್ಬರ ನಡುವಿನ ಈ ತಿಕ್ಕಾಟ ವ್ಯರ್ಥವಾಗಲಿಲ್ಲವೆಂದೇ ಹೇಳಬೇಕು. ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪದಲ್ಲಿ ದೇಶೀ ರೂಪಕ್ಕೆ ಮಣಿದಂತೆ ಕಾಣುವ ಅವರು, ವಿಜ್ಞಾನ ಸಂಸ್ಥೆಯ ವೈಮಾನಿಕ ಮತ್ತು ಲೋಹಶಾಸ್ತ್ರ ವಿಭಾಗಗಳಲ್ಲಿ ತಮ್ಮದೇ ದಾರಿ ಹಿಡಿದು, ನೆರಳು ಕೊಡುವ ಸಜ್ಜಾ ಹಾಗೂ ಎದುರು-ಬದುರು ಕಿಟಕಿಗಳಿಂದ ಗಾಳಿ ಹಾಯುವ ವ್ಯವಸ್ಥೆಯನ್ನೇ ಕಟ್ಟಡದ ಚೆಲುವಾಗಿ ಮಾಡಿದರು. ಮಹಾಯುದ್ಧದ ಕಾಲದಲ್ಲಿ ಉಕ್ಕು, ಸಿಮೆಂಟುಗಳ ಅಭಾವವಿದ್ದುದರಿಂದ ಸ್ಥಳೀಯ ಸಾಮಗ್ರಿಯಲ್ಲೇ ಕೆಲಸ ಸಾಗಿಸುವ ಅನಿವಾರ್ಯತೆಯೂ ಇತ್ತು. ಮುಂದೆ ಅವರು ಬರೆದದ್ದರ ಬಹುಭಾಗದ ಬೇರು ಈ ಕೊರತೆಯ ವರ್ಷಗಳಲ್ಲಿದೆ.

ಕಟ್ಟಡದಿಂದ ನಗರದ ಕಡೆಗೆ ಅವರನ್ನು ಎಳೆದದ್ದು ಟಾಟಾ ಸಂಸ್ಥೆಗಾಗಿ ಸಿದ್ಧಪಡಿಸಿದ ಜಮ್‌ಶೇಡ್‌ಪುರದ ಅಭಿವೃದ್ಧಿ ಯೋಜನೆ. ಅದರ ಬೆನ್ನಿಗೆ 1948ರಲ್ಲಿ ಒಡಿಶಾದ ಹೊಸ ರಾಜಧಾನಿ ಭುವನೇಶ್ವರದ ನಕ್ಷೆ ಬಂತು. ಎರಡರಲ್ಲೂ ಅವರು ಬಳಸಿದ್ದು 'ನೆರೆಹೊರೆ ಘಟಕ' ಎಂಬ ಪರಿಕಲ್ಪನೆ. 1920ರ ದಶಕದಲ್ಲಿ ಅಮೆರಿಕದ ಕ್ಲಾರೆನ್ಸ್ ಪೆರಿ ರೂಪಿಸಿದ ಈ ಕ್ರಮದಲ್ಲಿ ನಗರವನ್ನು ಪ್ರಾಥಮಿಕ ಶಾಲೆಯೊಂದನ್ನು ನಡುವಿಟ್ಟ ಸಣ್ಣ ಸಣ್ಣ ಬಡಾವಣೆಗಳಾಗಿ ವಿಂಗಡಿಸಿ, ಮಕ್ಕಳು ದೊಡ್ಡ ರಸ್ತೆ ದಾಟದೆ ನಡೆದೇ ಶಾಲೆ ತಲುಪುವಂತೆ, ಮನೆಮಂದಿಗೆ ಅಂಗಡಿ, ಆಟದ ಬಯಲು, ದವಾಖಾನೆಗಳು ಹತ್ತಿರದಲ್ಲೇ ದೊರೆಯುವಂತೆ ಏರ್ಪಾಟು ಮಾಡಲಾಗುತ್ತದೆ. ಭುವನೇಶ್ವರದಲ್ಲಿ ಇಂಥ ಘಟಕಗಳನ್ನು ಒಂದು ಮುಖ್ಯ ರಸ್ತೆಯ ಉದ್ದಕ್ಕೂ ಪೋಣಿಸಿದ್ದರಿಂದ ಊರು ಬೆಳೆದಂತೆ ಹೊಸ ಘಟಕಗಳನ್ನು ಸೇರಿಸುತ್ತಾ ಹೋಗಲು ಅವಕಾಶವಿತ್ತು. ಕಾಲುದಾರಿಯಿಂದ ಹೆದ್ದಾರಿಯವರೆಗೆ ಏಳು ಬಗೆಯ ರಸ್ತೆಗಳನ್ನು ಗುರುತಿಸಿ, ಸೈಕಲ್ಲಿನವರಿಗೂ ಪ್ರತ್ಯೇಕ ದಾರಿ ಕಾಣಿಸಲಾಗಿತ್ತು. ಕಾರು ಇದ್ದವರೇ ಅಪರೂಪವಾಗಿದ್ದ ದೇಶದಲ್ಲಿ ನಡೆಯುವವರನ್ನು ಲೆಕ್ಕಕ್ಕೆ ತೆಗೆದುಕೊಂಡ ಈ ವಿವೇಕ ಆಮೇಲಿನ ಎಷ್ಟೋ ನಕ್ಷೆಗಳಲ್ಲಿ ಕಾಣೆಯಾಯಿತು. ನಲವತ್ತು ಸಾವಿರ ಜನರಿಗೆಂದು ಆರಂಭವಾದ ಆ ನಗರದ ಜನಸಂಖ್ಯೆ 2011ರ ಗಣತಿಯ ವೇಳೆಗೆ ಎಂಟು ಲಕ್ಷ ದಾಟಿತ್ತು. ಆದರೂ ಹಳೆಯ ಭಾಗಗಳನ್ನು ಜನ ಇಂದಿಗೂ 'ಯೂನಿಟ್' ಎಂಬ ಹೆಸರಿನ ಮುಂದೆ ಸಂಖ್ಯೆ ಹಚ್ಚಿಯೇ ಕರೆಯುತ್ತಾರೆ. ಲ ಕಾರ್ಬುಸಿಯೆಯ ಚಂಡೀಗಢಕ್ಕೆ ಸಿಕ್ಕ ಕೀರ್ತಿಯ ಒಂದು ಪಾಲೂ ಇದಕ್ಕೆ ಸಿಗಲಿಲ್ಲ.

ದೇಶವಿಭಜನೆಯ ನಂತರ ನಿರಾಶ್ರಿತರಿಗೆ ಸೂರು ಒದಗಿಸುವ ಹೊಣೆಯಲ್ಲಿ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾದ ಕೋನಿಗ್ಸ್‌ಬರ್ಗರ್, ಫರೀದಾಬಾದ್, ಗಾಂಧಿಧಾಮದಂಥ ಹೊಸ ಊರುಗಳ ಕೆಲಸದ ಜೊತೆಗೆ, ಮನೆಯ ಗೋಡೆಗಳನ್ನು ಕಾರ್ಖಾನೆಯಲ್ಲೇ ಹಲಗೆಗಳಂತೆ ಎರಕ ಹೊಯ್ದು ನಿವೇಶನದಲ್ಲಿ ಜೋಡಿಸುವ ಯೋಜನೆಯನ್ನೂ ದೆಹಲಿಯಲ್ಲಿ ಕೈಗೆತ್ತಿಕೊಂಡರು. ಹಲಗೆಗಳು ಬಿರುಕುಬಿಟ್ಟವು, ಸಂಸತ್ತಿನಲ್ಲಿ ಟೀಕೆಗಳೆದ್ದವು, 1951ರಲ್ಲಿ ಅವರು ಹುದ್ದೆ ತೊರೆದು ಲಂಡನ್ನಿಗೆ ಹೊರಟರು. ವಿದೇಶದ ಯಂತ್ರವಿದ್ಯೆಯನ್ನು ಇಲ್ಲಿಯ ಹವೆ ಮತ್ತು ಕಾರ್ಮಿಕ ಪದ್ಧತಿಗೆ ಒಗ್ಗಿಸದೆ ತಂದು ನಿಲ್ಲಿಸಿದ್ದೇ ಈ ಸೋಲಿನ ಕಾರಣವೆನ್ನಬಹುದು. ಇದಾದ ಕೆಲವೇ ವರ್ಷಗಳಲ್ಲಿ ವಿಶ್ವಸಂಸ್ಥೆಯ ಪರವಾಗಿ ಚಾರ್ಲ್ಸ್ ಅಬ್ರಾಮ್ಸ್ ಮೊದಲಾದವರ ಜೊತೆ ಇಂದಿನ ಘಾನಾ ದೇಶಕ್ಕೆ ಹೋದಾಗ ಅವರು ಸೂಚಿಸಿದ್ದು ತೀರ ಬೇರೆ ದಾರಿ: ಗೋಡೆಗಳನ್ನು ಜನ ತಾವೇ ಕಟ್ಟಿಕೊಳ್ಳಬಲ್ಲರು, ಹಣ ಸಾಲದಾಗುವುದು ಚಾವಣಿ, ಬಾಗಿಲು, ಕಿಟಕಿಗಳಿಗೆ; ಆದ್ದರಿಂದ ಸರ್ಕಾರ ಅಷ್ಟಕ್ಕೆ ಮಾತ್ರ ಸಾಲ ಕೊಡಲಿ, ತೀರಿಬಂದ ಹಣ ಮತ್ತೊಬ್ಬರ ಚಾವಣಿಗೆ ಹೋಗಲಿ.

ಲಂಡನ್ನಿನ ಆರ್ಕಿಟೆಕ್ಚರಲ್ ಅಸೋಸಿಯೇಷನ್ ಶಾಲೆಯಲ್ಲಿ 1954ರಲ್ಲಿ ಶುರುವಾದ ಉಷ್ಣವಲಯ ವಾಸ್ತುಶಿಲ್ಪ ವಿಭಾಗವನ್ನು ಮುಂದೆ ಅವರೇ ಮುನ್ನಡೆಸಿದರು. 1971ರಲ್ಲಿ ಅದು ಯೂನಿವರ್ಸಿಟಿ ಕಾಲೇಜಿಗೆ ಸೇರಿತು. ಸಹಲೇಖಕರ ಜೊತೆ ಅವರು ಬರೆದ, ಉಷ್ಣವಲಯದ ವಸತಿ ಮತ್ತು ಕಟ್ಟಡ ಕುರಿತ ಕೈಪಿಡಿ ಇಂದಿಗೂ ಭಾರತದ ವಾಸ್ತುಶಿಲ್ಪ ವಿದ್ಯಾರ್ಥಿಗಳ ಪಠ್ಯ. ಬಿಸಿಲನಾಡುಗಳೆಲ್ಲ ಒಂದೇ ಅಲ್ಲವೆಂಬುದು ಅದರ ತಳಹದಿ. ಕರಾವಳಿಯ ಬೆವರಿಳಿಸುವ ಹವೆಗೆ ತೆಳು ಗೋಡೆ, ಅಗಲ ಕಿಟಕಿ, ಬಿಡಿಬಿಡಿ ಮನೆಗಳು ಒಪ್ಪಿದರೆ, ಒಣ ಬಿಸಿಲಿನ ಕಲಬುರಗಿಯಂಥ ಸೀಮೆಗೆ ದಪ್ಪ ಗೋಡೆ, ಸಣ್ಣ ಕಿಂಡಿ, ನಡುವಿನ ಅಂಗಳ, ಒಂದಕ್ಕೊಂದು ನೆರಳಾಗುವ ಇಕ್ಕಟ್ಟಾದ ಓಣಿಗಳು ಬೇಕು. ದಪ್ಪ ಗೋಡೆ ಹಗಲಿನ ಶಾಖವನ್ನು ಕೂಡಲೇ ಒಳಕ್ಕೆ ಬಿಡದೆ ಹಲವು ತಾಸು ಹಿಡಿದಿಡುತ್ತದೆ. ಅದು ಒಳಗೆ ಇಳಿಯುವ ಹೊತ್ತಿಗೆ ಹೊರಗೆ ತಂಪಾಗಿ, ಜನ ಮಾಳಿಗೆ ಹತ್ತಿ ಮಲಗಬಹುದು. ಈ 'ಕಾಲವಿಳಂಬ'ವನ್ನು ಕೈಪಿಡಿ ಗಣಿತದಲ್ಲಿ ವಿವರಿಸಿದರೆ, ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳೆಯ ಕಲ್ಲುಮನೆಗಳು ಮಣ್ಣಿನ ಮಾಳಿಗೆ, ಬೆಳಕಿಂಡಿ, ಪಡಸಾಲೆ, ಶಹಾಬಾದಿನ ಫರಸಿಗಳಲ್ಲಿ ಅದನ್ನೇ ರೂಢಿಸಿಕೊಂಡಿದ್ದವು. ಈಗ ಇಲ್ಲೆಲ್ಲ ಏಳುತ್ತಿರುವ ತೆಳು ಕಾಂಕ್ರೀಟ್ ಚಾವಣಿಯ ಕಟ್ಟಡಗಳಿಗೆ ಫ್ಯಾನು, ಕೂಲರುಗಳೇ ಗತಿ.

1964ರಲ್ಲಿ ಅವರು ಮಂಡಿಸಿದ 'ಕ್ರಿಯಾ ಯೋಜನೆ' ಎಂಬ ವಿಚಾರ ಇವೆಲ್ಲಕ್ಕಿಂತ ಹೆಚ್ಚು ಚರ್ಚಾರ್ಹ. ನಗರದ ಇಪ್ಪತ್ತು ವರ್ಷಗಳ ಭವಿಷ್ಯವನ್ನು ಒಂದೇ ನಕ್ಷೆಯಲ್ಲಿ ಬಿಡಿಸುವ ಮಹಾಯೋಜನೆ, ಅಂದರೆ ಮಾಸ್ಟರ್ ಪ್ಲಾನ್, ಸಿದ್ಧವಾಗಿ ಮಂಜೂರಾಗುವಷ್ಟರಲ್ಲೇ ಹಳತಾಗಿರುತ್ತದೆ. ಅದರ ಬದಲು ದಿಕ್ಕನ್ನು ಮಾತ್ರ ಸ್ಥೂಲವಾಗಿ ಗೊತ್ತುಮಾಡಿ, ಕೈಯಲ್ಲಿರುವ ಹಣ ಮತ್ತು ಜನಬಲದಿಂದ ಆಗುವ ಕೆಲಸಗಳನ್ನು ಕೂಡಲೇ ಆರಂಭಿಸಿ, ಫಲ ನೋಡಿ ತಿದ್ದುತ್ತಾ ಸಾಗಬೇಕೆಂಬುದು ಅವರ ವಾದ. 1963ರಲ್ಲಿ ಸಿಂಗಪುರಕ್ಕೆ ಹೋದ, ಅವರೂ ಸದಸ್ಯರಾಗಿದ್ದ ವಿಶ್ವಸಂಸ್ಥೆಯ ತಂಡದ ವರದಿಯಲ್ಲೇ ಈ ಧೋರಣೆ ಸ್ಪಷ್ಟವಾಗಿತ್ತು. ಅಧಿಕಾರಿಗಳ ಕೈಗೆ ಬೇಕಾಬಿಟ್ಟಿ ಅಧಿಕಾರ ಕೊಡುವ ಅಪಾಯ ಇದರಲ್ಲಿಲ್ಲವೆನ್ನಲಾಗದು. ಸಿಂಗಪುರದಂಥ ಬಿಗಿ ಆಡಳಿತಕ್ಕೆ ಒಗ್ಗಿದ್ದು ಎಲ್ಲೆಡೆ ಒಗ್ಗೀತೆಂದೂ ಇಲ್ಲ.

ಕೋನಿಗ್ಸ್‌ಬರ್ಗರ್ 1999ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಕರ್ನಾಟಕದ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಂತೆ ಮಹಾಯೋಜನೆಗಳನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು. ಅವರ ವೃತ್ತಿಜೀವನ ಅರಳಿದ ಬೆಂಗಳೂರಿಗಾಗಿ 2031ನ್ನು ಗುರಿಯಾಗಿಟ್ಟು ತಯಾರಾದ ಕರಡನ್ನು ಸರ್ಕಾರ 2020ರಲ್ಲಿ ಹಿಂಪಡೆಯಿತು. ಅದಾದ ಮೇಲೂ ನಗರದ ಕಟ್ಟಡಗಳಿಗೆ ಪರವಾನಗಿ ದೊರೆಯುತ್ತಾ ಹೋದದ್ದು 2007ರಲ್ಲಿ ಮಂಜೂರಾದ, 2015ನೇ ಇಸವಿಯವರೆಗಿನ ಅಗತ್ಯಗಳಿಗೆಂದು ಬರೆದ ಯೋಜನೆಯ ಅಡಿಯಲ್ಲಿ.