ಕೈಚೀಲದ ಲೆಕ್ಕ

ಕಿರಾಣಿ ಅಂಗಡಿಗಳಲ್ಲಿ ‘ಕವರ್’ ಎಂದೇ ಹೆಸರಾಗಿರುವ ತೆಳು ಚೀಲವು ಪಾಲಿಥೀನ್ ಎಂಬ ಪ್ಲಾಸ್ಟಿಕ್ಕಿನಿಂದ ತಯಾರಾಗುತ್ತದೆ. ಪೆಟ್ರೋಲಿಯಂ ಅಥವಾ ನೈಸರ್ಗಿಕ ಅನಿಲದಿಂದ ದೊರೆಯುವ ಎಥಿಲೀನ್ ಅಣುಗಳನ್ನು ಸರಪಳಿಯಂತೆ ಬೆಸೆದಾಗ ಸಿಗುವ ಈ ವಸ್ತುವನ್ನು ಕರಗಿಸಿ, ಗಾಳಿಯೂದಿ ಹಿಗ್ಗಿಸಿ, ತಣಿಸಿ ಕತ್ತರಿಸಿದರೆ, ತಾನು ಕೆಲವೇ ಗ್ರಾಂ ತೂಗಿದರೂ ಕಿಲೋಗಟ್ಟಲೆ ಸಾಮಾನು ಹೊರಬಲ್ಲ ಚೀಲ ಸಿದ್ಧವಾಗುತ್ತದೆ. ಹಿಡಿಕೆಯೂ ಸೇರಿ ಒಂದೇ ತುಂಡಿನಲ್ಲಿರುವ ಈ ವಿನ್ಯಾಸವನ್ನು ಸ್ವೀಡನ್ನಿನ ಎಂಜಿನಿಯರ್ ಸ್ಟೆನ್ ಗುಸ್ತಾಫ್ ಥುಲಿನ್ ರೂಪಿಸಿದರು. 1965ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟ್ ದೊರೆಯಿತು. ಅದನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡು ಮತ್ತೆ ಮತ್ತೆ ಬಳಸಬೇಕೆಂಬುದೇ ಅವರ ಎಣಿಕೆಯಾಗಿತ್ತೆಂದು ಅವರ ಮಗ ಹೇಳಿದ್ದಾರೆ. ಆ ಎಣಿಕೆ ತಪ್ಪಿ, ಅಂಗಡಿಯಿಂದ ಮನೆಯವರೆಗಿನ ಒಂದೇ ಪ್ರಯಾಣಕ್ಕೆ ಚೀಲದ ಆಯುಷ್ಯ ಮುಗಿಯತೊಡಗಿದ್ದೇ ಇಂದಿನ ಕಷ್ಟದ ಮೂಲ.

ಕರ್ನಾಟಕ ಸರ್ಕಾರವು 2016ರ ಮಾರ್ಚ್‌ನಲ್ಲಿ ಅಧಿಸೂಚನೆ ಹೊರಡಿಸಿ, ದಪ್ಪ ಎಷ್ಟೇ ಇರಲಿ, ಪ್ಲಾಸ್ಟಿಕ್ ಕೈಚೀಲಗಳನ್ನು ರಾಜ್ಯದಲ್ಲಿ ನಿಷೇಧಿಸಿತು. ಕೇಂದ್ರದ ನಿಯಮಗಳು ಮಾತ್ರ ದಪ್ಪವನ್ನೇ ಅಳತೆಗೋಲಾಗಿಸಿಕೊಂಡು, ಕನಿಷ್ಠ ಮಿತಿಯನ್ನು 2021ರ ಸೆಪ್ಟೆಂಬರ್ ಕೊನೆಗೆ 75 ಮೈಕ್ರಾನ್‌ಗೂ 2022ರ ಡಿಸೆಂಬರ್ ಕೊನೆಗೆ 120 ಮೈಕ್ರಾನ್‌ಗೂ ಏರಿಸಿದವು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಚೀಲ ತೆಳುವಾದಷ್ಟೂ ಹೆಕ್ಕಿ ಮಾರುವವರಿಗೆ ತೂಕ ಸಿಗದು. ಆದ್ದರಿಂದ ಅದು ಗುಜರಿಗೆ ಹೋಗದೆ, ಗಾಳಿಗೆ ಹಾರಿ ಚರಂಡಿ ಸೇರುತ್ತದೆ. ಅಡುಗೆಮನೆಯ ಸಿಪ್ಪೆ, ಹಳಸಿದ ಅನ್ನವನ್ನು ಅದರಲ್ಲಿ ಕಟ್ಟಿ ಬೀದಿಗೆಸೆದರೆ, ವಾಸನೆ ಹಿಡಿದು ಬಂದ ದನ ಗಂಟು ಬಿಚ್ಚಲಾರದೆ ಚೀಲವನ್ನೇ ನುಂಗುತ್ತದೆ. ಮೆಲುಕು ಹಾಕುವ ಪ್ರಾಣಿಗಳ ಮೊದಲ ಹೊಟ್ಟೆಯಿಂದ ಮುಂದಕ್ಕೆ ಸಾಗುವ ದಾರಿ ಕಿರಿದು. ಕರಗದ ಪ್ಲಾಸ್ಟಿಕ್ ಅಲ್ಲಿಯೇ ಉಳಿದು, ಹೆಣೆದುಕೊಂಡು ಗಟ್ಟಿಯಾಗುತ್ತದೆ. ಹೊಟ್ಟೆ ತುಂಬಿದಂತೆ ಕಂಡರೂ ದನ ಹಸಿವಿನಿಂದ ಸೊರಗುತ್ತದೆ. ಪಶುವೈದ್ಯರು ಶಸ್ತ್ರಚಿಕಿತ್ಸೆ ಮಾಡಿ ಅದನ್ನು ಹೊರತೆಗೆಯಬೇಕಾಗುತ್ತದೆ.

ನಿಷೇಧದ ಬಳಿಕ ಅಂಗಡಿಗಳಿಗೆ ಬಂದ ಇನ್ನೊಂದು ಚೀಲವನ್ನು ಇಲ್ಲಿ ಸ್ವಲ್ಪ ಹತ್ತಿರದಿಂದ ನೋಡಬೇಕು. ಕೈಗೆ ಬಟ್ಟೆಯಂತೆಯೇ ತಾಗುವ, ಹಸಿರು, ಕೆಂಪು, ನೀಲಿ ಬಣ್ಣಗಳಲ್ಲಿ ಬರುವ ಈ ಚೀಲವನ್ನು ಬಹುಪಾಲು ಗ್ರಾಹಕರು ಬಟ್ಟೆಯದೆಂದೇ ನಂಬಿದ್ದಾರೆ. ಬೆಳಕಿಗೆ ಹಿಡಿದರೆ ಅದರಲ್ಲಿ ಹಾಸು ಹೊಕ್ಕು ಕಾಣುವುದಿಲ್ಲ, ಸಾಲು ಸಾಲಾಗಿ ಒತ್ತಿದ ಸಣ್ಣ ಗುಳಿಗಳಷ್ಟೇ ಕಾಣುತ್ತವೆ. ಅಂಚನ್ನು ಕಿತ್ತರೆ ನೂಲು ಬರುವುದಿಲ್ಲ. ‘ನಾನ್ ವೋವನ್’ ಎಂದು ಕರೆಯಲಾಗುವ ಇದು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಎಳೆಗಳನ್ನು ನೇಯದೆ, ಬಿಸಿಯಿಂದ ಒತ್ತಿ ಅಂಟಿಸಿದ ಹಾಳೆ. ಕೆಲವು ತಿಂಗಳು ಬಿಸಿಲು ತಾಗಿದರೆ ಇದು ಪುಡಿಪುಡಿಯಾಗಿ ಮಣ್ಣಿಗೆ ಬೆರೆಯುತ್ತದೆ, ಕೊಳೆಯುವುದಿಲ್ಲ. ಕೇಂದ್ರದ ನಿಯಮಗಳೂ ಇದನ್ನು ಪ್ಲಾಸ್ಟಿಕ್ ಎಂದೇ ಪರಿಗಣಿಸಿ, ಚದರ ಮೀಟರಿಗೆ 60 ಗ್ರಾಂಗಿಂತ ಕಡಿಮೆ ತೂಗುವುದನ್ನು ನಿಷೇಧಿಸಿವೆ.

ಹಾಗೆಂದು, ಹತ್ತಿಯ ಚೀಲವೊಂದನ್ನು ಹೊಸದಾಗಿ ಕೊಂಡ ಮಾತ್ರಕ್ಕೆ ಪರಿಸರ ಉಳಿಯಿತೆಂದು ತಿಳಿಯುವುದೂ ಸರಿಯಲ್ಲ. ಒಂದು ವಸ್ತುವಿನ ಕಚ್ಚಾ ಸಾಮಗ್ರಿಯಿಂದ ಹಿಡಿದು ಅದು ಕಸವಾಗುವವರೆಗಿನ ಒಟ್ಟು ಹೊರೆಯನ್ನು ಅಳೆಯುವ ಕ್ರಮಕ್ಕೆ ಜೀವನಚಕ್ರ ಮೌಲ್ಯಮಾಪನ ಎನ್ನುತ್ತಾರೆ. ಈ ಕ್ರಮವನ್ನು ಅನುಸರಿಸಿ ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಒಮ್ಮೆ ಬಳಸಿ ಎಸೆಯುವ ತೆಳು ಚೀಲಕ್ಕಿಂತ ಹವಾಮಾನದ ಮೇಲಿನ ಹೊರೆ ಕಡಿಮೆಯಾಗಬೇಕಾದರೆ ಹತ್ತಿಯ ಚೀಲವನ್ನು 131 ಬಾರಿ ಬಳಸಬೇಕು. ಕಾಗದದ ಚೀಲವನ್ನು 3 ಬಾರಿ, ಪಾಲಿಪ್ರೊಪಿಲೀನ್ ಚೀಲವನ್ನು 11 ಬಾರಿ. ಹತ್ತಿ ಬೆಳೆಗೆ ತಗಲುವ ಗೊಬ್ಬರ, ನೂಲುವ, ನೇಯುವ ಯಂತ್ರಗಳ ವಿದ್ಯುತ್ತು ಈ ಅಂತರಕ್ಕೆ ಕಾರಣ. ಬೀದಿಯಲ್ಲಿ ಬಿದ್ದ ಚೀಲ ದನಕ್ಕೂ ಚರಂಡಿಗೂ ಮಾಡುವ ಹಾನಿ ಈ ಅಂಕಿಯೊಳಗೆ ಸೇರಿಲ್ಲವೆಂಬುದನ್ನು ಮರೆಯಬಾರದು. ವಾರಕ್ಕೆ ಎರಡು ಬಾರಿ ತರಕಾರಿಗೆ ಒಯ್ಯುವ ಚೀಲ ಸುಮಾರು 15 ತಿಂಗಳಲ್ಲಿ 131ನ್ನು ದಾಟುತ್ತದೆ, ಗಟ್ಟಿ ಬಟ್ಟೆಯದಾದರೆ ಅನಂತರವೂ ವರ್ಷಗಟ್ಟಲೆ ಬಾಳುತ್ತದೆ.

ಹಳೆಯ ಸೀರೆ, ಪಂಚೆ, ಪ್ಯಾಂಟಿನ ಬಟ್ಟೆಯಿಂದ ಹೊಲಿದ ಚೀಲಕ್ಕಂತೂ ಈ ಲೆಕ್ಕವೇ ಬೇರೆ, ಏಕೆಂದರೆ ಅದಕ್ಕಾಗಿ ಹೊಸದಾಗಿ ಹತ್ತಿ ಬೆಳೆಯಬೇಕಾಗಿಲ್ಲ. ಅದರ ಜೊತೆಗೆ ಕನ್ನಡಿಗರ ಮನೆಗಳಲ್ಲಿ ಇನ್ನೊಂದು ಸಂಪತ್ತು ಈಗಾಗಲೇ ಇದೆ: ಮದುವೆ, ಗೃಹಪ್ರವೇಶಗಳಲ್ಲಿ ತೆಂಗಿನಕಾಯಿ, ಎಲೆ ಅಡಿಕೆ ಇಟ್ಟು ಕೊಡುವ, ವಧೂವರರ ಹೆಸರು ಅಚ್ಚಾದ ತಾಂಬೂಲದ ಚೀಲಗಳು. ಇವು ಬೀರುವಿನ ಮೂಲೆಯಲ್ಲಿ ಒಂದರೊಳಗೊಂದು ತುರುಕಿಕೊಂಡು ಕುಳಿತಿರುತ್ತವೆ. ಇತ್ತೀಚೆಗೆ ಇವುಗಳ ಜಾಗಕ್ಕೂ ನಾನ್ ವೋವನ್ ಚೀಲ ಬಂದಿರುವುದು ನಿಜಕ್ಕೂ ಬೇಸರದ ಸಂಗತಿ.

ಬಟ್ಟೆಯ ಚೀಲ ರೂಢಿಯಾಗದಿರಲು ದೊಡ್ಡ ಅಡ್ಡಿ ಮರೆವು: ಚೀಲ ಮನೆಯಲ್ಲಿರುತ್ತದೆ, ಕೊಳ್ಳುವವರು ಅಂಗಡಿಯ ಮುಂದಿರುತ್ತಾರೆ. ಆದ್ದರಿಂದ ಓದುಗರು ಒಂದು ಚೀಲವನ್ನು ಬಾಗಿಲ ಹಿಂದಿನ ಮೊಳೆಗೂ ಇನ್ನೊಂದನ್ನು ಸ್ಕೂಟರಿನ ಡಿಕ್ಕಿಗೂ ಸೇರಿಸಲಿ. ಮೀನು, ಮಾಂಸ ತರಲು ಮುಚ್ಚಳವಿರುವ ಸ್ಟೀಲ್ ಡಬ್ಬಿ ಒಯ್ಯಲಿ. ಮುಂದಿನ ಶುಭಕಾರ್ಯಕ್ಕೆ ತಾಂಬೂಲದ ಚೀಲ ಮಾಡಿಸುವಾಗ ನೇಯ್ದ ಬಟ್ಟೆಯದನ್ನೇ ಕೇಳಿ ಮಾಡಿಸಲಿ.