ಮುಕ್ತಶೈಲಿಯ ಜಲವರ್ಣದಲ್ಲಿ ತಾವರೆ

ತಾವರೆಯನ್ನು ಮುಕ್ತಶೈಲಿಯ ಜಲವರ್ಣದಲ್ಲಿ ಬರೆಯಲೆಳಸುವ ಅಭ್ಯಾಸಿಯು ಸಾಮಾನ್ಯವಾಗಿ ತನ್ನ ಶ್ರಮವನ್ನೆಲ್ಲ ಹೂವಿನ ಮೇಲೆ ವ್ಯಯಮಾಡಿ, ಎಲೆಯನ್ನು ಕಡೆಯಲ್ಲಿ ಹಿನ್ನೆಲೆಯೆಂದು ತುಂಬುತ್ತಾನೆ. ಹೂವು ನಿರ್ಜೀವವಾಗುವುದು ಇದರಿಂದಲೇ ಎಂದು ನಮ್ಮ ಅಭಿಪ್ರಾಯ. ಬಿಳಿಯ ತಾವರೆಯನ್ನು ಕಾಣಿಸುವುದು ಅದರ ಎಲೆ. ಚೀನಾದೇಶದ ಬಾದಾ ಷಾನ್‌ರೆನ್ನನ ಮಸಿಚಿತ್ರಗಳಿಂದ ಇದನ್ನು ಸ್ಪಷ್ಟಪಡಿಸಬಹುದು.

ಜು ದಾ ಎಂದೂ ಪ್ರಸಿದ್ಧನಾದ ಈತನು (1626–1705) ಮಿಂಗ್ ರಾಜಕುಲದವನು. 1644ರಲ್ಲಿ ಆ ಪ್ರಭುತ್ವವು ಅಳಿದ ತರುವಾಯ ಬೌದ್ಧಭಿಕ್ಷುವಾದನು. ಕೆಸರಿನಿಂದೆದ್ದೂ ಕೆಸರಂಟದ ಹೂವೆಂದು ತಾವರೆಯನ್ನು ಜೌ ದುನ್‌ಯಿ (1017–1073) ಕೊಂಡಾಡಿದ್ದು ಚೀನೀಯರಿಗೆ ಸುಪರಿಚಿತ. ತಾವರೆಯೆಲೆಯ ಮೇಲಣ ನೀರಿನ ಉಪಮೆಯನ್ನರಿತ ನಮಗೂ ಈ ಭಾವ ಹೊಸದಲ್ಲ. ರಾಜ್ಯ ಕಳೆದುಕೊಂಡ ಕುಲದವನಿಗೆ ಇಂಥ ಹೂವು ಬರಿಯ ಅಲಂಕಾರವಾಗಿದ್ದಿರಲಾರದು.

ಈ ಬಗೆಯ ಚಿತ್ರಣಕ್ಕೆ ಚೀನೀ ಭಾಷೆಯಲ್ಲಿ 'ಷಿಯೆ-ಯಿ', ಎಂದರೆ ಭಾವವನ್ನು ಬರೆಯುವುದು, ಎಂದು ಹೆಸರು. ಇದಕ್ಕೆ ಒದಗುವ ಹಸಿ ಷುವಾನ್ ಕಾಗದಕ್ಕೆ ಅಂಟಿನ ಲೇಪವಿಲ್ಲ. ಮಸಿಯು ತಾಗಿದೊಡನೆ ಎಳೆಗಳೊಳಗೆ ಹರಡಿ ನಿಲ್ಲುತ್ತದೆ, ತೊಳೆದು ತೆಗೆಯುವಂತಿಲ್ಲ. ಆದುದರಿಂದ ಕುಂಚದಲ್ಲಿ ನೀರೆಷ್ಟು, ಮಸಿಯೆಷ್ಟು ಎಂಬುದು ಅದು ಕಾಗದವನ್ನು ಮುಟ್ಟುವ ಮೊದಲೇ ನಿಶ್ಚಯವಾಗಿರಬೇಕು. ತೆಳುಮಸಿಯ ಅಗಲವಾದ ಲೇಪವು ಇನ್ನೂ ಹಸಿಯಾಗಿರುವಾಗ ಅದರೊಳಗೆ ಗಾಢಮಸಿಯನ್ನು ಬಿಟ್ಟರೆ ಅಂಚುಗಳು ಕರಗಿ, ಎಲೆಯ ಮಡಿಕೆಯೂ ನೆರಳೂ ಒಮ್ಮೆಗೇ ಮೂಡುತ್ತವೆ. ಹೂವಿಗೆ ನಾಲ್ಕಾರು ಗೆರೆ. ಅವುಗಳ ಒಳಗೆ ಬರಿಯ ಕಾಗದ. 1697ರಲ್ಲಿ ಈತನು ಬರೆದ 'ನದಿಯ ಮೇಲಣ ಹೂಗಳು' ಎಂಬ ಸುರುಳಿಚಿತ್ರವು ಸುಮಾರು 13 ಮೀಟರು ಉದ್ದವಾಗಿದ್ದು, ತ್ಯಾನ್‌ಜಿನ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಎಲೆಗಳ ಕಪ್ಪು ರಾಶಿಗಳ ನಡುವೆ ಹೂಗಳು ಇಣುಕುತ್ತವೆ.

ನಾವು ಜಲವರ್ಣಕ್ಕೆ ಬಳಸುವ ಕಾಗದದ ಸ್ವಭಾವ ಬೇರೆ. ಜೆಲಟಿನ್ ಮೊದಲಾದ ಅಂಟು ಸೇರಿರುವುದರಿಂದ ಬಣ್ಣವು ಕೆಲಕಾಲ ಮೇಲೆಯೇ ನಿಲ್ಲುತ್ತದೆ. ಒದ್ದೆಯ ಕುಂಚದಿಂದ ಕೊಂಚ ಎತ್ತಲೂ ಬಹುದು. ಅಭ್ಯಾಸಿಗೆ ಈ ಸೌಕರ್ಯದಿಂದಲೇ ಕೇಡು. ಅರೆ ಒಣಗಿದ ಹಸುರನ್ನು ತಿದ್ದಲು ಹೋಗಿ ಮತ್ತೆ ನೀರಾದ ಬಣ್ಣವನ್ನಿಟ್ಟರೆ, ಆ ನೀರು ಮೊದಲಿನ ಬಣ್ಣದ ಕಣಗಳನ್ನು ಹೊರಕ್ಕೆ ತಳ್ಳಿ ಹೂಕೋಸಿನಂಥ ಕಲೆಯನ್ನುಳಿಸುತ್ತದೆ. ದಳಗಳ ಹೊರರೇಖೆಯನ್ನು ಸೀಸದಕಡ್ಡಿಯಿಂದ ಲಘುವಾಗಿ ಗುರುತಿಸಿಕೊಂಡು, ಅದರ ಸುತ್ತ ಎಲೆಯ ಹಸುರನ್ನು ಧಾರಾಳವಾದ ನೀರಿನಲ್ಲಿ ಒಂದೇ ಬಾರಿಗೆ ಹರಡಿ, ಹಸಿಯಿರುವಾಗಲೇ ಅಲ್ಲಲ್ಲಿ ಗಾಢನೀಲಿಯನ್ನು ಬಿಟ್ಟು, ಕೈತೆಗೆದು ಕಾಯುವುದೇ ಸರಿ. ದಳದ ತುದಿಯ ನಸುಗೆಂಪನ್ನು ಹಸುರು ಪೂರ್ತಿ ಒಣಗಿದ ಮೇಲೆ ಇಟ್ಟರೆ ಸಾಕು. ಬಹಳ ಸಲ ಅದೂ ಬೇಕಾಗುವುದಿಲ್ಲ.